ಕೆಂಪು ಕೋತಿಯ ಮುಂದೆ ಇಟ್ಟ ಬಾಳೆಹಣ್ಣು

ಆ ಶನಿವಾರ ನನ್ನ ಕೆಲಸ ಇಲ್ಫರ್ಡಿನ ಒಂದು ಮಹಡಿ ಕೋಣೆಯಲ್ಲಿ ಕೂತು ಜಾಂಜಿಬಾರ್ ದ್ವೀಪದಲ್ಲಿ ಒಂದು ಹಗಲನ್ನು ಸಾಂಗವಾಗಿ ನಡೆಸುವುದಾಗಿತ್ತು. ಬೆಳಿಗ್ಗೆ ಕೆಂಪು ಕೋತಿಗಳ ಕಾಡು, ಆಮೇಲೆ ಮಸಾಲೆ ತೋಟ, ಅಲ್ಲೇ ಊಟ, ಸಂಜೆ ಸಮುದ್ರದ ದಂಡೆಯ ಹೋಟೆಲಿಗೆ ವಾಪಸು. ಹೋದವರು ಲಂಡನ್ನಿನ ಕನ್ನಡದ ಹಿರಿಯರು, ಒಂದು ಮಿನಿಬಸ್ಸಿನ ತುಂಬ. ಅರ್ಧ ಜನ ಧಾರವಾಡ, ವಿಜಯಪುರ, ಕಲಬುರಗಿ ಕಡೆಯವರು. ಉಳಿದವರು ಉಡುಪಿ, ಮೈಸೂರು, ಬೆಂಗಳೂರು. ಇವರನ್ನೆಲ್ಲ ಒಂದೇ ಬಸ್ಸಿನಲ್ಲಿ ಕೂರಿಸಿ ಒಂದೇ ಊಟಕ್ಕೆ ಒಪ್ಪಿಸುವುದಿದೆಯಲ್ಲ, ಅದರ ಮುಂದೆ ವೀಸಾ, ವಿಮಾನ ಎಲ್ಲ ಮಕ್ಕಳಾಟ.

ನಮ್ಮದು ಸಣ್ಣ ಪ್ರವಾಸ ಕಂಪನಿ. ಗುಂಪಿನ ಜೊತೆ ಇಲ್ಲಿಂದ ಯಾರೂ ಹೋಗುವುದಿಲ್ಲ. ದ್ವೀಪದಲ್ಲಿ ಒಬ್ಬ ಗೈಡ್ ಗೊತ್ತು ಮಾಡಿದ್ದೇವೆ, ಅಲ್ಲಿಯವನೇ, ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ನನ್ನನ್ನು ‘ದಾದಾ’ ಎಂದು ಕರೆಯುತ್ತಾನೆ. ಮೊದಲ ಸಲ ಕೇಳಿದಾಗ ನನ್ನನ್ನು ಯಾವ ಗೂಂಡಾ ಅಂದುಕೊಂಡಿದ್ದಾನೋ ಎಂದು ಗಾಬರಿಯಾಗಿತ್ತು. ಅವರ ಭಾಷೆಯಲ್ಲಿ ಅಕ್ಕ ಎಂದು ಅರ್ಥವಂತೆ. ನಮ್ಮ ಹಿರಿಯರಿಗೆ ಅವನ ಇಂಗ್ಲಿಷ್ ಪೂರ್ತಿ ತಿಳಿಯುವುದಿಲ್ಲ. ಹಾಗಾಗಿ ಪ್ರತಿಯೊಂದು ಜಾಗಕ್ಕೆ ಇಳಿಯುವ ಮುಂಚೆ ನಾನು ಕನ್ನಡದಲ್ಲಿ ಮಾತಾಡಿ ವಾಟ್ಸಾಪಿನಲ್ಲಿ ಕಳಿಸುತ್ತೇನೆ, ಅವನು ಬಸ್ಸಿನ ಸ್ಪೀಕರಿಗೆ ಹಾಕುತ್ತಾನೆ. ಎಲ್ಲಿ ಶೌಚಾಲಯ, ಎಷ್ಟು ನಡಿಗೆ, ಏನು ಮುಟ್ಟಬಾರದು, ಎಲ್ಲ.

ಆ ಬೆಳಿಗ್ಗೆ ಕಾಡಿನ ಬಾಗಿಲಲ್ಲಿ ಹಾಕಿದ ಮಾತಿನಲ್ಲಿ ನಾನು ಸ್ಪಷ್ಟವಾಗಿಯೇ ಹೇಳಿದ್ದೆ. ಈ ಕೋತಿಗಳು ಈ ದ್ವೀಪ ಬಿಟ್ಟರೆ ಬೇರೆಲ್ಲೂ ಇಲ್ಲ. ಇವು ಎಲೆ, ಚಿಗುರು, ಕಾಯಿ ತಿನ್ನುವಂಥವು. ಮಾಗಿದ ಸಿಹಿ ಹಣ್ಣು ಇವುಗಳ ಹೊಟ್ಟೆಗೆ ಆಗುವುದಿಲ್ಲ, ಹೊಟ್ಟೆ ಉಬ್ಬರಿಸಿ ಸತ್ತರೂ ಸತ್ತವು. ಆದ್ದರಿಂದ ಏನೂ ತಿನ್ನಿಸಬಾರದು, ಹತ್ತಿರ ಹೋಗಬಾರದು, ಕೆಮ್ಮು ನೆಗಡಿ ಇದ್ದವರು ಬಸ್ಸಿನಲ್ಲೇ ಕೂತಿರಬೇಕು. ಇದನ್ನು ಎರಡು ಸಲ ಹೇಳಿದ್ದೆ. ಹೇಳುವಾಗ ನನ್ನ ಧ್ವನಿ ಸ್ಟೇಷನ್ನಿನಲ್ಲಿ ರೈಲು ತಡ ಎಂದು ಹೇಳುವ ಹೆಂಗಸಿನ ಧ್ವನಿಯಂತಿತ್ತು. ಆ ದಿನಗಳಲ್ಲಿ ನಾನು ಎಲ್ಲವನ್ನೂ ಹಾಗೇ ಹೇಳುತ್ತಿದ್ದೆ.

ಕಾರಣ ಹೇಳಿಬಿಡುತ್ತೇನೆ. ನನ್ನ ಗಂಡ ಮಿದುಳಿನಲ್ಲಿ ರಕ್ತನಾಳ ಒಡೆದು ಆಸ್ಪತ್ರೆ ಸೇರಿ ಒಂದು ತಿಂಗಳ ಮೇಲಾಗಿತ್ತು. ಕಣ್ಣು ತೆರೆಯುತ್ತಿದ್ದರು, ನೋಡುತ್ತಿರಲಿಲ್ಲ. ಕೈ ಹಿಡಿದರೆ ಹಿಡಿದಷ್ಟೇ. ಇಲ್ಲಿಯ ಡಾಕ್ಟರರು ಯಾವುದನ್ನೂ ನೇರವಾಗಿ ಹೇಳುವುದಿಲ್ಲ. ಒಂದು ಸಣ್ಣ ಕೋಣೆಗೆ ಕರೆದು, ಟಿಶ್ಯೂ ಪೆಟ್ಟಿಗೆಯನ್ನು ನಮ್ಮ ಕಡೆ ಸರಿಸಿ, ‘ನೋಡೋಣ’ ಎನ್ನುತ್ತಾರೆ. ನಾನು ಟಿಶ್ಯೂ ಮುಟ್ಟಲಿಲ್ಲ. ಎರಡು ವಾರ ಮನೆಯಲ್ಲಿದ್ದೆ, ಆಮೇಲೆ ಕೆಲಸಕ್ಕೆ ಬಂದೆ. ಜನ ನನ್ನನ್ನು ಗಟ್ಟಿಗಿತ್ತಿ ಅಂದರು. ಗಟ್ಟಿತನ ಏನೂ ಅಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲವಲ್ಲ, ಹಾಗಿತ್ತು, ಮೈಯೆಲ್ಲ.

ಲಂಡನ್ನಿನಲ್ಲಿ ಬೆಳಗಿನ ತಿಂಡಿಯ ಹೊತ್ತು, ಅಲ್ಲಿ ಬಿಸಿಲೇರಿತ್ತು. ಗೈಡ್ ಒಂದೊಂದೇ ಫೋಟೋ ಕಳಿಸುತ್ತಿದ್ದ. ಮರದ ಹಲಗೆಯ ದಾರಿ, ಅದರಾಚೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರು, ಟೋಪಿ ಹಾಕಿಕೊಂಡ ನಮ್ಮವರು. ಕೋತಿಗಳು ನಿಜಕ್ಕೂ ಚಂದ: ಬೆನ್ನು ಕೆಂಪು, ಮುಖ ಕಪ್ಪು, ಹಣೆಯ ಸುತ್ತ ಬೆಳ್ಳಗೆ ಕೆದರಿದ ಕೂದಲು. ನಾನು ಪ್ರತಿ ಫೋಟೋಕ್ಕೂ ಹೆಬ್ಬೆಟ್ಟಿನ ಗುರುತು ಒತ್ತಿ, ತೋಟಕ್ಕೆ ಫೋನ್ ಮಾಡಿ ಊಟದ ವ್ಯವಸ್ಥೆ ಮತ್ತೊಮ್ಮೆ ಕೇಳಿಕೊಂಡೆ. ಮೀನಿನ ಪಾತ್ರೆ ಬೇರೆ, ಸೌಟು ಬೇರೆ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅನ್ನ ನಾಲ್ಕು ಜನಕ್ಕೆ, ಶನಿವಾರ ಒಪ್ಪತ್ತು ಮಾಡುವ ಒಬ್ಬರಿಗೆ ತಡವಾಗಿ ಊಟ. ತೋಟದವಳು ನಗುತ್ತಿದ್ದಳು. ನಮ್ಮವರ ಹೊಟ್ಟೆ ಆ ಕೋತಿಗಳ ಹೊಟ್ಟೆಗಿಂತ ಸೂಕ್ಷ್ಮ ಅನಿಸಿರಬೇಕು.

ಆಮೇಲೆ ಫೋಟೋ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಗೈಡ್ ಫೋನ್ ಮಾಡಿದ. ಅವನು ಯಾವತ್ತೂ ಸೀದಾ ಫೋನ್ ಮಾಡುವವನಲ್ಲ.

‘ದಾದಾ, ನನ್ನ ಬ್ಯಾಡ್ಜ್ ತೆಗೆದುಕೊಂಡರು’ ಎಂದ.

ಆದದ್ದು ಇಷ್ಟು. ಗುಂಪು ಮುಂದೆ ಹೋದಾಗ ಹಿಂದೆ ಒಂದು ಮರದ ಬುಡದಲ್ಲಿ ಯಾರೋ ಎರಡು ಮಾಗಿದ ಬಾಳೆಹಣ್ಣು ಇಟ್ಟಿದ್ದಾರೆ, ಎಲೆಯ ಮೇಲೆ, ಪಕ್ಕದಲ್ಲಿ ಬೆಲ್ಲದ ಚೂರು. ಮರಿ ಕಟ್ಟಿಕೊಂಡ ಒಂದು ತಾಯಿ ಕೋತಿ ಇಳಿದು ಬಂದು ಒಂದನ್ನು ತೆಗೆದುಕೊಂಡಿದೆ. ಕಾವಲುಗಾರ ನೋಡಿ ಓಡಿಬಂದು ಉಳಿದದ್ದನ್ನು ಎತ್ತಿಕೊಂಡ. ಅರಣ್ಯದ ಅಧಿಕಾರಿ ಗೈಡಿನ ಕೊರಳಿಂದ ಬ್ಯಾಡ್ಜ್ ತೆಗೆಸಿದರು. ಅಲ್ಲಿಯ ನಿಯಮ ಹಾಗೆ: ಬಂದವರು ಮಾಡಿದ್ದಕ್ಕೆ ಕರೆತಂದವನು ಹೊಣೆ. ಹಿಂದೊಮ್ಮೆ ಬೇರೆ ಯಾವುದೋ ದೇಶದವರು ಬಿಸ್ಕತ್ತು ಎಸೆದು ಅವನಿಗೆ ಎಚ್ಚರಿಕೆ ಸಿಕ್ಕಿತ್ತು. ಇದು ಎರಡನೆಯದು. ಗೈಡ್ ಮೊದಲೇ ಹೇಳಿದ್ದ, ಹೇಳಿದರೂ ನಾವು ಮಾಡಿದೆವು ಎಂದು ಮಾಡಿದವರೇ ಬಂದು ಒಪ್ಪಿಕೊಂಡರೆ ಬ್ಯಾಡ್ಜ್ ವಾಪಸು. ಇಲ್ಲವಾದರೆ ಇನ್ನು ಕಾಡಿಲ್ಲ, ತೋಟವಿಲ್ಲ, ದ್ವೀಪದಲ್ಲಿ ಎಲ್ಲೂ ಗೈಡ್ ಕೆಲಸವಿಲ್ಲ.

‘ನಿಮ್ಮವರನ್ನು ಕೇಳಿದೆ. ಯಾರೂ ನೋಡಲಿಲ್ಲವಂತೆ’ ಎಂದ. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ‘ಅಧಿಕಾರಿ ಸಂಜೆಯ ಪ್ರಾರ್ಥನೆಗೆ ಹೋಗುವ ತನಕ ಇಲ್ಲಿರುತ್ತಾರೆ. ಅಷ್ಟರೊಳಗೆ ಏನಾದರೂ ಮಾಡಲಿಕ್ಕಾಗುತ್ತಾ ದಾದಾ? ನನಗೆ ಬೇರೆ ಕೆಲಸ ಬರುವುದಿಲ್ಲ.’

ಗುಂಪಿನಲ್ಲಿ ಯಜಮಾನಿಕೆ ವಹಿಸಿಕೊಂಡಿದ್ದ ಮೈಸೂರಿನ ನಿವೃತ್ತರೊಬ್ಬರಿದ್ದರು. ಅವರಿಗೆ ಫೋನ್ ಮಾಡಿದೆ.

‘ನಾವ್ಯಾರೂ ನೋಡ್ಲಿಲ್ಲಮ್ಮ. ಆ ಹುಡುಗನೂ ಸರಿಯಾಗಿ ಹೇಳಿರ್ಲಿಲ್ಲ ಅಂತ ಕಾಣತ್ತೆ.’

‘ಸರ್, ಹೇಳಿದವಳು ನಾನೇ. ಬಸ್ಸಿನಲ್ಲಿ ಹಾಕಿದ್ದು ನನ್ನ ಧ್ವನಿ.’

‘ಹೂಂ, ಕೇಳಿಸ್ತು, ಕೇಳಿಸ್ತು.’ ಆಮೇಲೆ ದನಿ ತಗ್ಗಿಸಿದರು. ‘ಏನ್ ಮಾಡೋದಮ್ಮ, ದೊಡ್ಡವರು. ಪರದೇಶದಲ್ಲಿ ಪೊಲೀಸರಂಥವರ ಮುಂದೆ ಅವರ ಹೆಸರು ಹೇಳಕ್ಕಾಗತ್ತಾ?’

ಎಲ್ಲರಿಗೂ ಗೊತ್ತಿತ್ತು. ಇದು ನಮ್ಮ ಜನರ ಅಭ್ಯಾಸ. ಹಿರಿಯರೊಬ್ಬರು ತಪ್ಪು ಮಾಡಿದರೆ ಇಡೀ ಬಸ್ಸು ಕಣ್ಣು ಮುಚ್ಚಿಕೊಳ್ಳುತ್ತದೆ, ಅದನ್ನು ಮರ್ಯಾದೆ ಎನ್ನುತ್ತದೆ, ಮತ್ತು ಹೊರೆ ಹೊರಗಿನವನ ತಲೆಯ ಮೇಲೆ ತಾನಾಗಿ ಹೋಗಿ ಕೂರುತ್ತದೆ. ನನಗೆ ಆಗಲೂ ಸಿಟ್ಟು ಬರಲಿಲ್ಲ. ಬರಬೇಕಿತ್ತು ಎಂದು ಮಾತ್ರ ಗೊತ್ತಾಯಿತು.

ಮೊದಲು ಮಾಡಬೇಕಾದದ್ದನ್ನು ಮಾಡಿದೆ. ಬಸ್ಸನ್ನು ಗೇಟಿನ ಬಿಸಿಲಲ್ಲಿ ನಿಲ್ಲಿಸಿಕೊಂಡರೆ ಸಕ್ಕರೆ ಕಾಯಿಲೆಯವರು ತಲೆ ತಿರುಗಿ ಬೀಳುತ್ತಾರೆ. ಗೈಡ್ ಅರಣ್ಯದ ಆಫೀಸಿನಲ್ಲೇ ಉಳಿಯಲಿ, ಡ್ರೈವರ್ ಗುಂಪನ್ನು ತೋಟಕ್ಕೆ ಕರೆದೊಯ್ಯಲಿ, ತೋಟದವರೇ ಗಿಡಮರ ತೋರಿಸಲಿ ಎಂದು ಮೂವರಿಗೂ ಹೇಳಿದೆ. ಆಮೇಲೆ ನಮ್ಮ ಕಂಪನಿಯ ಮಾಲೀಕರಿಗೆ ಫೋನ್ ಮಾಡಿದೆ. ಅವರು ಕುಂದಾಪುರದವರು, ಆವತ್ತು ಸೌತ್‌ಹಾಲಿನಲ್ಲಿ ಒಂದು ನಾಮಕರಣದ ಊಟದಲ್ಲಿದ್ದರು. ಹಿಂದೆ ಪಾತ್ರೆಗಳ ಸದ್ದು.

‘ಎಂತ ಮಾರಾಯ್ರೆ, ಇಷ್ಟಕ್ಕೆ ತಲಿ ಕೆಡ್ಸ್ಕಂಬುದ್ ಎಂತಕ್ಕೆ? ಗೈಡ್ ಹೇಳ್ಲಿಲ್ಲ ಅಂದ್ ಬಿಡಿ, ಮುಗೀತ್. ನಮ್ ಗುಂಪಿನ್ ಮೇಲೆ ಬಂದ್ರೆ ಮುಂದಿನ್ ಗುಂಪಿಗೆ ಕಾಡೊಳಗೆ ಬಿಡುದಿಲ್ಲ ಅವ್ರ್.’

‘ಹೇಳಿದ್ದಾನೆ ಸರ್. ಅವನ ಕೆಲಸ ಹೋಗುತ್ತದೆ.’

‘ಇನ್ನೊಬ್ಬ ಗೈಡ್ ಸಿಕ್ತ. ನೀವೀಗ ಮನಿ ಆಸ್ಪತ್ರಿ ಅಂದೇಳಿ ಸಾಕಷ್ಟ್ ಕಷ್ಟದಲ್ಲಿದ್ರಿ, ಇದನ್ನೂ ತಲಿ ಮೇಲ್ ಹಾಕ್ಕಣ್ಬೇಡಿ.’

ಕೆಟ್ಟ ಮನುಷ್ಯರಲ್ಲ. ನನ್ನ ಮೇಲಿನ ಕನಿಕರದಿಂದಲೇ ಹೇಳಿದ್ದು. ಅವರು ಹೇಳಿದಂತೆ ಮಾಡಿದ್ದರೆ ಎರಡು ನಿಮಿಷದ ಕೆಲಸ.

ಬಾಳೆಹಣ್ಣು ಯಾರದ್ದೆಂದು ಅಷ್ಟರಲ್ಲಿ ನನಗೆ ತಿಳಿದಿತ್ತು. ಎಲೆ, ಬೆಲ್ಲ ಎಂದರೆ ನೈವೇದ್ಯ, ಮತ್ತು ಶನಿವಾರ ಒಪ್ಪತ್ತು ಮಾಡುವವರು ಬಸ್ಸಿನಲ್ಲಿ ಒಬ್ಬರೇ. ನಮ್ಮ ಮನೆಯಿಂದ ಎರಡು ಬೀದಿ ಆಚೆ ಇರುವ ವಿಜಯಪುರದ ಹಿರಿಯಾಕೆ, ನಾವೆಲ್ಲ ಕಾಕು ಎಂದು ಕರೆಯುವವರು. ಎಪ್ಪತ್ತು ದಾಟಿದ್ದಾರೆ. ಮಗ ಒತ್ತಾಯ ಮಾಡಿ ಪ್ರವಾಸಕ್ಕೆ ಕಳಿಸಿದ್ದ. ನನ್ನ ಗಂಡ ಆಸ್ಪತ್ರೆ ಸೇರಿದ ಮೊದಲ ವಾರ ದಿನಾ ರೊಟ್ಟಿ ಪಲ್ಯ ತಂದು ಬಾಗಿಲ ಮುಂದೆ ಇಟ್ಟು ಹೋಗುತ್ತಿದ್ದರು. ಗಂಟೆ ಒತ್ತುತ್ತಿದ್ದರು, ನಾನು ತೆರೆಯುತ್ತಿರಲಿಲ್ಲ. ಯಾರ ಮುಖವೂ ಬೇಡವಾಗಿತ್ತು.

ತೋಟದವಳಿಗೆ ಹೇಳಿ ಕಾಕುವಿನ ಕೈಗೆ ಫೋನ್ ಕೊಡಿಸಿದೆ. ವಿಡಿಯೋದಲ್ಲಿ ಮೊದಲು ಬರೀ ಆಕಾಶ ಕಂಡಿತು, ಆಮೇಲೆ ಒಂದು ಕಿವಿ, ಆಮೇಲೆ ಕಾಕು. ತೋಟದ ಹುಡುಗರು ಬಂದವರಿಗೆಲ್ಲ ತೆಂಗಿನ ಗರಿ ಹೆಣೆದು ಕಿರೀಟ ತೊಡಿಸುತ್ತಾರೆ. ಕಾಕುವಿನ ತಲೆಯ ಮೇಲೂ ಒಂದು ಹಸಿರು ಕಿರೀಟವಿತ್ತು, ತುಸು ಓರೆಯಾಗಿ. ಹಿಂದೆ ಚಾಪೆಯ ಮೇಲೆ ಲವಂಗದ ಮೊಗ್ಗು ಒಣಹಾಕಿದ್ದರು. ಅದರಾಚೆ ನಮ್ಮವರು ಜಾಯಿಕಾಯಿ ಒಡೆಸಿಕೊಂಡು ಮೂಸುತ್ತಿದ್ದರು, ಏನೂ ಆಗಿಲ್ಲವೆಂಬಂತೆ.

‘ಊಟ ಆತೇನ್ರಿ ಕಾಕು?’

‘ಇನ್ನಾ ಇಲ್ಲ ತಂಗಿ. ಶನಿವಾರಲ್ಲಾ.’

‘ಕಾಡಿನ್ಯಾಗ ಬಾಳಿಹಣ್ಣು ಕೊಟ್ಟಾವ್ರು ನೀವ ಏನ್ರಿ?’

ಕಾಕು ಅತ್ತಿತ್ತ ನೋಡಿದರು. ‘ನಾ ಯಾರಿಗೂ ಏನೂ ತಿನಸಿಲ್ಲ.’

‘ಮತ್ತ ಮರದ ಬುಡಕ?’

‘ಇಟ್ಟಿದ್ದಕ್ಕ ತಿನಸೂದು ಅಂತಾರೇನ ಬೇ? ಮಾರುತಿ ಮುಂದ ಎಡಿ ಇಟ್ರ, ಮಾರುತಿಗೆ ತಿನಸಿದ್ಲು ಅಂತಾರ?’ ಬೆರಳು ಮಡಚುತ್ತ ಮುಂದುವರಿಸಿದರು. ‘ನೀ ಹೇಳಿದ್ದು ಎಲ್ಲಾ ಕೇಳೀನಿ. ತಿನಸಬ್ಯಾಡ್ರಿ ಅಂದಿ, ತಿನಸಿಲ್ಲ. ಹತ್ರ ಹೋಗಬ್ಯಾಡ್ರಿ ಅಂದಿ, ಹೋಗಿಲ್ಲ. ಎಲಿ ಹಾಸಿ ಇಟ್ಟು, ಕೈ ಮುಗದು, ಹಿಂದ ನೋಡದಾಂಗ ಬಂದೀನಿ. ಮಕಾ ಕರೀದು, ನಮ್ಮೂರ ಮುಸ್ಯಾ ಮಂಗ್ಯಾನ ಗತೆ. ಇಷ್ಟ ದೂರ ಬಂದ್ರೂ ಶನಿವಾರ ಮಾರುತಿ ಕಣ್ಣಿಗೆ ಬಿದ್ದಾನ ಅಂದ್ರ ಹಂಗ ಬಿಟ್ಟು ಬರಲೇನು?’

ಅವರ ಮಟ್ಟಿಗೆ ಅದು ಪೂರ್ತಿ ಸರಿಯಾಗಿತ್ತು. ಎರಡು ಸಲ ಹೇಳಿದ್ದರೂ ನನ್ನ ಮಾತು ಅವರನ್ನು ಮುಟ್ಟದೇ ಪಕ್ಕದಿಂದ ಹಾದುಹೋಗಿತ್ತು. ಗೈಡಿನ ಕೆಲಸದ ವಿಷಯ ಹೇಳಿದೆ. ಸಂಜೆಯೊಳಗೆ ಅವರೇ ಹೋಗಿ ಒಪ್ಪಿಕೊಂಡರೆ ಮಾತ್ರ ಬ್ಯಾಡ್ಜ್ ಸಿಗುತ್ತದೆ ಎಂದೆ. ಕಾಕುವಿನ ಮುಖ ಬಿದ್ದುಹೋಯಿತು. ಅವನು ಬಸ್ ಹತ್ತುವಾಗ ತಮ್ಮ ಕೈ ಹಿಡಿದು ಹತ್ತಿಸಿದ್ದನ್ನು ಹೇಳಿದರು. ಆಮೇಲೆ ತಲೆ ಅಲ್ಲಾಡಿಸಿದರು.

‘ನನ್ನ ಬಾಯಿಂದ ಹೇಳಾಕ ಬರೂದಿಲ್ಲ ತಂಗಿ. ಹರಕಿ ಅದ. ಐದು ಶನಿವಾರ, ಹೊರಗಿನವರಿಗೆ ಗೊತ್ತಾಗದಾಂಗ ಇಡಬೇಕು. ಮೂರು ಅಲ್ಲೇ ಲಂಡನ್ನಿನ ಗುಡಿಯಾಗ ಇಟ್ಟೀನಿ. ಇದು ನಾಕನೇದು. ನಡುವ ಬಾಯಿ ಬಿಟ್ರ ಎಲ್ಲಾ ಹೋತು.’

‘ಮಗನ ಸಲುವಾಗಿ ಏನ್ರಿ?’

ಕಾಕು ಕಿರೀಟ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ನಾನು ಕಂಪ್ಯೂಟರಿನ ಗಡಿಯಾರ ನೋಡುತ್ತಿದ್ದೆ, ಅಧಿಕಾರಿ ಎದ್ದು ಹೋಗಲು ಇನ್ನೆಷ್ಟು ಹೊತ್ತು ಎಂದು ಲೆಕ್ಕ ಹಾಕುತ್ತ.

‘ನಿನ್ನ ಗಂಡನ ಸಲುವಾಗಿ ಬೇ’ ಎಂದರು. ‘ನೀ ಆ ಮನಿಯಾಕಿ, ನಿನಗ ಹೇಳಿದ್ರ ನಡೀತದ. ಹೊರಗಿನವರಿಗೆ ಹೇಳಿದ್ರ ನಡೆಯೂದಿಲ್ಲ.’

ನಾನು ದೇವರು ದಿಂಡರು ಎಂದು ತಿರುಗುವವಳಲ್ಲ. ಹರಕೆ ಹೊತ್ತಿದ್ದರಿಂದ ಮಿದುಳಿನ ನರ ಕೂಡಿಕೊಳ್ಳುತ್ತದೆ ಎಂದು ನಂಬುವವಳೂ ಅಲ್ಲ. ನನಗೆ ಮೊದಲು ಬಂದದ್ದು ಸಿಟ್ಟು. ಯಾರು ಕೇಳಿದ್ದರು ಇವರನ್ನು? ಬಾಗಿಲು ತೆರೆಯದವಳ ಮನೆಯ ಹೊರೆಯನ್ನು ತಾವೇ ಎತ್ತಿಕೊಂಡು, ಸಮುದ್ರ ದಾಟಿ ಹೋಗಿ, ಯಾವುದೋ ಮರದ ಬುಡದಲ್ಲಿ ಇಳಿಸಿ, ಈಗ ಅದನ್ನು ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದಾರೆ. ಒಂದು ಕಡೆ ಆ ಗೈಡ್, ಇನ್ನೊಂದು ಕಡೆ ನನ್ನ ಗಂಡ. ನಂಬದವಳಿಗೆ ಇದರಲ್ಲಿ ಯೋಚಿಸಲು ಏನೂ ಇರಬಾರದು, ಹೋಗಿ ಒಪ್ಪಿಕೊಳ್ಳಿ ಎಂದು ತಕ್ಷಣ ಹೇಳಿಬಿಡಬೇಕು. ಆದರೆ ನನಗೆ ಬಾಯಿ ಬರಲಿಲ್ಲ. ಮಾಲೀಕರ ಮಾತು ಎಷ್ಟು ಸುಲಭದ್ದು ಎಂದು ಆಗ ಮತ್ತೆ ನೆನಪಾಯಿತು. ಗೈಡ್ ಹೇಳಲಿಲ್ಲ ಅಂದುಬಿಟ್ಟರೆ ಕಾಕು ಬಾಯಿ ಬಿಡಬೇಕಾಗಿಲ್ಲ, ಐದನೆಯ ಶನಿವಾರವೂ ಆಗುತ್ತದೆ, ಯಾರೂ ನನ್ನನ್ನು ಕೇಳುವುದಿಲ್ಲ.

ಗೈಡಿನ ಮಾತು ಕಿವಿಯಲ್ಲಿತ್ತು, ನನಗೆ ಬೇರೆ ಕೆಲಸ ಬರುವುದಿಲ್ಲ ಅಂದದ್ದು.

‘ಹೇಳ್ರಿ ಕಾಕು’ ಎಂದೆ.

‘ವಿಚಾರ ಮಾಡಿ ಹೇಳು.’

‘ಮಾಡೀನ್ರಿ. ಹೋಗಿ ಹೇಳ್ರಿ.’

‘ಹಂಗಾರ ಹರಕಿ ನಾ ಬಿಟ್ಟಾಂಗಲ್ಲ, ನೀನ ಬಿಡಸಿದಿ. ಮಾರುತಿ ಕೇಳಿದ್ರ ಹಂಗ ಹೇಳ್ತೀನಿ ನೋಡು.’ ಗದರಿಸಿದ್ದಲ್ಲ, ವ್ಯವಹಾರದ ಮಾತಿನಂತೆ ಹೇಳಿದರು. ಕಣ್ಣಲ್ಲಿ ನೀರಿತ್ತು.

‘ಹೇಳ್ರಿ ಹಂಗಽ’ ಎಂದೆ.

ಡ್ರೈವರ್ ಕಾಕುವೊಬ್ಬರನ್ನೇ ಕೂರಿಸಿಕೊಂಡು ಕಾಡಿನ ಗೇಟಿಗೆ ವಾಪಸು ಹೋದ. ಗೈಡ್ ಫೋನನ್ನು ಅಧಿಕಾರಿಯ ಮೇಜಿನ ಮೇಲೆ ಇಟ್ಟ. ಕಾಕು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಹೇಳುವುದು. ಹಣ್ಣು ಇಟ್ಟವಳು ನಾನು ಎಂದರು ಕಾಕು. ಈ ಹುಡುಗ ಮೊದಲೇ ಹೇಳಿದ್ದ, ಬಸ್ಸಿನಲ್ಲಿ ಕನ್ನಡದಲ್ಲೂ ಕೇಳಿದ್ದೆ, ತಪ್ಪು ಇವನದಲ್ಲ. ಅಧಿಕಾರಿ ಯಾಕೆ ಇಟ್ಟಿರಿ ಎಂದು ಕೇಳಿದರು. ಕಾಕು ಎಲ್ಲವನ್ನೂ ಹೇಳಿದರು, ಹರಕೆ, ಶನಿವಾರ, ಮಾರುತಿ. ‘ಈ ಫೋನಿನ್ಯಾಗ ಮಾತಾಡಾಕಿ ಗಂಡನ ಸಲುವಾಗಿ’ ಎಂದರು. ನಾನು ‘ಲಂಡನ್ನಿನಲ್ಲಿ ಕಾಯಿಲೆ ಬಿದ್ದ ಒಬ್ಬರಿಗಾಗಿ’ ಎಂದಷ್ಟೇ ಅನುವಾದ ಮಾಡಿದೆ. ಕೆಲಸದ ಧ್ವನಿಯಲ್ಲೇ ಮಾಡಿದೆ.

ಅಧಿಕಾರಿ ಖಂಡಿತವಾದಿ. ಮರಿ ಇರುವ ಕೋತಿ, ಎರಡು ದಿನ ಅದರ ಮೇಲೆ ಕಣ್ಣಿಡಲು ಒಬ್ಬನನ್ನು ಬಿಡಬೇಕು ಎಂದರು. ಬ್ಯಾಡ್ಜನ್ನು ಗೈಡಿಗೆ ಕೊಟ್ಟರು. ನಮ್ಮ ಕಂಪನಿಯ ಗುಂಪುಗಳು ಈ ಹಂಗಾಮು ಮುಗಿಯುವ ತನಕ ಕಾಡಿನೊಳಗೆ ಬರಕೂಡದು ಎಂದರು. ಮಾಲೀಕರಿಗೆ ತಿಳಿಸಿದೆ. ‘ಸೋಮವಾರ ಬನ್ನಿ, ಮಾತಾಡುವ’ ಎಂದು ಫೋನ್ ಇಟ್ಟುಬಿಟ್ಟರು. ಕಾಕು ತೋಟಕ್ಕೆ ಮರಳಿ ಊಟ ಮಾಡಿದರೆಂದು ಗೈಡ್ ಫೋಟೋ ಕಳಿಸಿದ. ಅವನ ಎದೆಯ ಮೇಲೆ ಬ್ಯಾಡ್ಜ್ ಇತ್ತು. ಹೆಬ್ಬೆಟ್ಟಿನ ಗುರುತು ಒತ್ತಿ ಕಂಪ್ಯೂಟರ್ ಆರಿಸಿದೆ.

ಆಸ್ಪತ್ರೆಗೆ ದಿನಾ ಹೋಗುವ ದಾರಿಯೇ. ಎಲಿಜಬೆತ್ ಲೈನ್ ರೈಲು ಹತ್ತಿ ಸೀಟು ಹಿಡಿದು ಕೂತೆ. ಎದುರಿಗೆ ಒಂದು ಮಗು ಚಿಪ್ಸ್ ತಿನ್ನುತ್ತಿತ್ತು. ಎರಡನೆಯ ಸ್ಟೇಷನ್ ದಾಟಿದ ಮೇಲೆ ಈಗಾಗಲೇ ಅವರಿಗೆ ಏನೋ ಆಗಿಹೋಗಿದೆ ಅನಿಸಿತು. ಫೋನ್ ತೆಗೆದು ನೋಡಿದೆ, ವಾರ್ಡಿನಿಂದ ಕರೆ ಬಂದಿರಲಿಲ್ಲ. ಬಂದಿಲ್ಲವೆಂದರೆ ಇನ್ನೂ ತಿಳಿಸಿಲ್ಲ, ಅಷ್ಟೇ ಎಂದುಕೊಂಡೆ. ಇಳಿದವಳು ಎಸ್ಕಲೇಟರಿನ ಮೆಟ್ಟಿಲು ಹತ್ತಿ ಓಡಿದೆ. ರಸ್ತೆ ದಾಟುವಾಗ ಯಾರೋ ಹಾರ್ನ್ ಹಾಕಿದರು. ಲಿಫ್ಟಿಗೆ ಕಾಯಲಿಲ್ಲ. ವಾರ್ಡಿನೊಳಗೆ ಹೋದರೆ ಅವರ ಮಂಚದ ಸುತ್ತ ನೀಲಿ ಪರದೆ ಎಳೆದಿತ್ತು.

ಪರದೆ ಸರಿಸಿದೆ. ನರ್ಸ್ ಮೈ ಒರೆಸುತ್ತಿದ್ದಳು. ಅವರು ಇದ್ದರು. ನಿನ್ನೆ ಹೇಗಿದ್ದರೋ ಹಾಗೇ, ಕಣ್ಣು ಅರ್ಧ ತೆರೆದು, ಚಾವಣಿಯ ಕಡೆ. ಉಸಿರು ಬರುತ್ತಿತ್ತು, ಹೋಗುತ್ತಿತ್ತು.

‘ಏನಾಯ್ತು, ಓಡಿ ಬಂದ್ರಾ?’ ಎಂದಳು ನರ್ಸ್. ಮಂಚದ ಕಂಬಿ ಹಿಡಿದು ನಿಂತೆ. ಎಲ್ಲ ಮುಗಿದಿದೆ ಎಂದು ನಾನು ಎಂದೋ ಒಪ್ಪಿಕೊಂಡಾಗಿತ್ತು, ಅಥವಾ ಹಾಗಂತ ತಿಳಿದಿದ್ದೆ. ಒಪ್ಪಿಕೊಂಡವಳು ಹೀಗೆ ಓಡಿಬರುತ್ತಿರಲಿಲ್ಲ.

ಅವರ ಕಿವಿಯ ಹತ್ತಿರ ಬಗ್ಗಿದೆ. ‘ರೀ, ಕಾಕು ನಿಮ್ಮ ಸಲುವಾಗಿ ಹರಕಿ ಹೊತ್ತಿದ್ರು. ನಾನ ಬಿಡಿಸಿದೆ. ಸಿಟ್ಟ ಮಾಡ್ಕೋಬ್ಯಾಡ್ರಿ’ ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು, ಒಂದು ತಿಂಗಳಿಂದ ಬರದೇ ಇದ್ದದ್ದು. ನರ್ಸ್ ಕುರ್ಚಿ ಎಳೆದು ಕೊಟ್ಟು, ಪರದೆ ಮತ್ತೆ ಮುಚ್ಚಿ, ನೀರಿನ ಬೋಗುಣಿ ಎತ್ತಿಕೊಂಡು ಹೊರಗೆ ಹೋದಳು.